ಅಜ್ಜಿಯ ಲೆಕ್ಕದ ಪುಸ್ತಕ: ಹೊಸ ಪ್ರೊಸೆಸರ್ ಬೇಕೇ, ಬೇಡವೇ?

ಆಯುಧಪೂಜೆಯ ದಿನ ನಮ್ಮ ಮನೆಯಲ್ಲಿ ಈಳಿಗೆಮಣೆ, ಹೊಲಿಗೆ ಯಂತ್ರ, ಮಗನ ಸ್ಕೂಟರ್ ಎಲ್ಲಕ್ಕೂ ಕುಂಕುಮ ಇಟ್ಟು ಆದ ಮೇಲೆ ಕೊನೆಯ ಸರದಿ ಕಂಪ್ಯೂಟರಿನದು. ಎಂಟನೇ ತರಗತಿಯಲ್ಲಿ ಓದುವ ನನ್ನ ಮೊಮ್ಮಗಳು ಪುಟ್ಟಿ ಅದಕ್ಕೆ ಚೆಂಡುಹೂವು ಮುಡಿಸಿ, ಆರತಿ ತಟ್ಟೆ ಕೆಳಗಿಡುವ ಮೊದಲೇ ಅರ್ಜಿ ಹಾಕಿದಳು.

"ಅಜ್ಜಿ, ಬರೀ ಪೂಜೆ ಮಾಡಿದರೆ ಸಾಲದು. ಇದಕ್ಕೆ ಹೊಸ ಪ್ರೊಸೆಸರ್ ಹಾಕಿಸಬೇಕು. ಅಮ್ಮ ಪಾಪ, ರಾತ್ರಿ ಎರಡು ಗಂಟೆ ತನಕ ಕಾಯ್ತಾಳೆ."

"ಎಷ್ಟಾಗುತ್ತೆ?"

"ಹನ್ನೆರಡು ಸಾವಿರದ ಹತ್ತಿರ. ನಿನ್ನ ಆರ್.ಡಿ. ದುಡ್ಡು ಬಂದಿದೆಯಲ್ಲ?"

ಬಂದಿತ್ತು, ನಿಜ. ಇಪ್ಪತ್ತು ಸಾವಿರ. ಆದರೆ ಅದು ಕಾಶಿ ದುಡ್ಡು. ಮೂವರು ಗೆಳತಿಯರು ಸೇರಿ ಬರುವ ಫಾಲ್ಗುಣದಲ್ಲಿ ಕಾಶಿಗೆ ಹೋಗುವುದೆಂದು ತೀರ್ಮಾನಿಸಿ, ಎರಡು ವರ್ಷದಿಂದ ತಿಂಗಳು ತಿಂಗಳು ಕಟ್ಟಿದ್ದು. ಒಳಗಿನಿಂದ ಸೊಸೆಯ ದನಿ ಬಂತು: "ಅತ್ತೆ, ಅವಳ ಮಾತು ಕೇಳಬೇಡಿ. ಕಾಶಿ ದುಡ್ಡು ಮುಟ್ಟೋದು ಬೇಡ."

ಬೇಡ ಎಂದು ಹೇಳಿಬಿಡುವುದು ಸುಲಭ. ಅಜ್ಜ-ಅಜ್ಜಿಯರಾದ ನಮಗೆ ಆ ಮಾತು ನಾಲಿಗೆಯ ತುದಿಯಲ್ಲೇ ಇರುತ್ತದೆ. ಆದರೆ ಮೂವತ್ತನಾಲ್ಕು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತವಳು ನಾನು. ಅರ್ಜಿ ಬಂದರೆ ಓದದೆ ತಿರಸ್ಕರಿಸಬಾರದು, ಓದದೆ ಮಂಜೂರು ಮಾಡಲೂಬಾರದು. "ಆಗಲಿ, ಲೆಕ್ಕ ಹಾಕೋಣ" ಎಂದು ಪುಸ್ತಕ ತೆಗೆದೆ.

ಮೊದಲು ಮನೆಯ ಸಂಗತಿ ಹೇಳಿಬಿಡುತ್ತೇನೆ. ನನ್ನ ಸೊಸೆ ನಾಮಕರಣ, ಗೃಹಪ್ರವೇಶ, ಶಾಲಾ ವಾರ್ಷಿಕೋತ್ಸವಗಳ ವಿಡಿಯೊಗಳನ್ನು ಮನೆಯಲ್ಲೇ ಕೂತು ಜೋಡಿಸಿಕೊಡುತ್ತಾಳೆ. ತಿಂಗಳಿಗೆ ನಾಲ್ಕು ಸಮಾರಂಭದ ಕೆಲಸ ಬರುತ್ತದೆ. ಬೇಡದ್ದನ್ನು ಕತ್ತರಿಸಿ, ಬೇಕಾದ್ದನ್ನು ಜೋಡಿಸಿ, ಹಾಡು ಸೇರಿಸಿ ಆದ ಮೇಲೆ ಎಲ್ಲವನ್ನೂ ಒಂದೇ ವಿಡಿಯೊ ಆಗಿ ಹೊರತೆಗೆಯಬೇಕು. ಅದಕ್ಕೆ ಅವರು 'ಎಕ್ಸ್‌ಪೋರ್ಟ್' ಅನ್ನುತ್ತಾರೆ. ರಾತ್ರಿ ಊಟವಾದ ಮೇಲೆ ಆ ಗುಂಡಿ ಒತ್ತಿ ಅವಳು ಕಾಯುತ್ತಾ ಕೂರುತ್ತಾಳೆ. ನಮ್ಮ ಶಿವಮೊಗ್ಗದ ಬಡಾವಣೆಯಲ್ಲಿ ಕರೆಂಟು ಹೇಳಿ ಕೇಳಿ ಹೋಗುವುದಿಲ್ಲ. ಯುಪಿಎಸ್ ಹತ್ತು ನಿಮಿಷ ತಡೆದೀತು. ಅಷ್ಟರಲ್ಲಿ ನಿಲ್ಲಿಸದಿದ್ದರೆ ಎಲ್ಲವೂ ಮೊದಲಿನಿಂದ. ಹಾಗಾಗಿ ಮಲಗುವಂತಿಲ್ಲ.

ಇನ್ನು ಯಂತ್ರದ ವಿಷಯ. ನಮ್ಮಲ್ಲಿ ಇಡೀ ಪೆಟ್ಟಿಗೆಯನ್ನೇ 'ಸಿಪಿಯು' ಎಂದು ಕರೆಯುತ್ತೇವೆ. ನಾನೂ ಹಾಗೇ ಅಂದುಕೊಂಡಿದ್ದೆ. ಪುಟ್ಟಿ ತಿದ್ದಿದಳು. ಸಿಪಿಯು ಅಂದರೆ ಪ್ರೊಸೆಸರ್, ಪೆಟ್ಟಿಗೆಯೊಳಗೆ ಮದರ್‌ಬೋರ್ಡಿನ ಮೇಲೆ ಕೂತಿರುವ ಒಂದು ಚಿಕ್ಕ ಚೌಕ. ನಮ್ಮದು ಎಎಂಡಿ ಕಂಪನಿಯ ರೈಜನ್ 3 2200ಜಿ. 2018ರಲ್ಲಿ ಮಾರುಕಟ್ಟೆಗೆ ಬಂದದ್ದು, ನಾವು ಕೊಂಡದ್ದು 2019ರಲ್ಲಿ.

ಮಕ್ಕಳೇ, ಕಂಪ್ಯೂಟರನ್ನು ಒಂದು ಮದುವೆ ಮನೆಯ ಅಡುಗೆಮನೆ ಅಂದುಕೊಳ್ಳಿ. ಪ್ರೊಸೆಸರ್ ಅಂದರೆ ಅಡುಗೆಯವರು. ರ‍್ಯಾಮ್ ಅಂದರೆ ಅವರ ಮುಂದಿರುವ ಕಟ್ಟೆ. ಈಗ ಬೇಕಾದ ಸಾಮಾನನ್ನು ಅದರ ಮೇಲೆ ಹರಡಿಕೊಂಡಿರುತ್ತಾರೆ. ಹಾರ್ಡ್ ಡಿಸ್ಕ್ ಅಂದರೆ ಉಗ್ರಾಣ. ಊಟ ತಡವಾಯಿತು ಎಂದರೆ ಅಡುಗೆಯವರೇ ನಿಧಾನ ಎಂದು ಬೈಯುತ್ತೇವೆ. ಆದರೆ ಉಗ್ರಾಣದಿಂದ ಬೇಳೆ ಬರುವುದೇ ತಡವಾಗಿದ್ದರೆ? ಕಟ್ಟೆ ಚಿಕ್ಕದಾಗಿ, ಒಂದು ಪಾತ್ರೆ ಇಡಲು ಇನ್ನೊಂದನ್ನು ಉಗ್ರಾಣಕ್ಕೆ ವಾಪಸು ಕಳಿಸಬೇಕಾಗಿದ್ದರೆ? ಆಗ ಎಂಥ ನಳಮಹಾರಾಜನನ್ನು ಕರೆಸಿದರೂ ಊಟ ಬೇಗ ಆಗುವುದಿಲ್ಲ.

ಇದು ನನಗೆ ಹೊಳೆದದ್ದು ಪುಸ್ತಕ ಓದಿ ಅಲ್ಲ. ನಮ್ಮ ಶಾಖೆಗೆ ಮೊದಲ ಸಲ ಕಂಪ್ಯೂಟರ್ ಬಂದಾಗ ಎಲ್ಲರಿಗೂ ಸಂಭ್ರಮ. ಲೆಡ್ಜರ್ ತೆಗೆದು, ಪುಟ ಹುಡುಕಿ, ಕೈಯಲ್ಲಿ ಬರೆಯಲು ಒಬ್ಬ ಗ್ರಾಹಕರಿಗೆ ಮೂರು ನಿಮಿಷ, ಪಾಸ್‌ಬುಕ್ ತುಂಬಿಸಲು ಎರಡು ನಿಮಿಷ ಹಿಡಿಯುತ್ತಿತ್ತು. ಯಂತ್ರ ಬಂದ ಮೇಲೆ ಆ ಮೂರು ನಿಮಿಷ ಕಣ್ಣುಮಿಟುಕಿಸುವಷ್ಟಾಯಿತು. ಆದರೆ ಪಾಸ್‌ಬುಕ್ ಮುದ್ರಿಸಲು ಇದ್ದದ್ದು ಒಂದೇ ಪ್ರಿಂಟರ್. ಅದು ಕಿರ‍್ರ್ ಕಿರ‍್ರ್ ಎನ್ನುತ್ತಾ ಎರಡು ನಿಮಿಷ ತಗೊಂಡೇ ತಗೊಳ್ಳುತ್ತಿತ್ತು. ಐದು ನಿಮಿಷದ ಕೆಲಸ ಎರಡಕ್ಕೆ ಇಳಿಯಿತು. ಅದಕ್ಕಿಂತ ಕೆಳಗೆ ಇಳಿಯಲೇ ಇಲ್ಲ. ಸಾಲು ನನ್ನ ಕೌಂಟರಿನಿಂದ ಪ್ರಿಂಟರಿನ ಮುಂದಕ್ಕೆ ಜಾಗ ಬದಲಿಸಿತು, ಅಷ್ಟೇ.

ಇದನ್ನೇ 1967ರಲ್ಲಿ ಜೀನ್ ಆಮ್ಡಾಲ್ ಎಂಬ ಕಂಪ್ಯೂಟರ್ ವಿನ್ಯಾಸಕಾರರು ಲೆಕ್ಕದ ರೂಪದಲ್ಲಿ ಹೇಳಿದ್ದರಂತೆ. ಐಬಿಎಂ ಕಂಪನಿಯ ಸಿಸ್ಟಂ 360 ಎಂಬ ಹೆಸರಾಂತ ಯಂತ್ರವನ್ನು ರೂಪಿಸಿದವರು ಅವರು. ಒಂದು ಕೆಲಸದ ಒಂದು ಭಾಗವನ್ನು ಎಷ್ಟೇ ಚುರುಕುಗೊಳಿಸಿದರೂ ಉಳಿಯುವುದು ಆ ಭಾಗದ ಸಮಯ ಮಾತ್ರ. ಮಿಕ್ಕ ಭಾಗ ಹಾಗೇ ಇರುತ್ತದೆ. ಇದಕ್ಕೆ 'ಆಮ್ಡಾಲ್ ನಿಯಮ' ಎಂದೇ ಹೆಸರು.

ಹಾಗಾದರೆ ನಮ್ಮ ಮನೆಯಲ್ಲಿ ಸಾಲು ನಿಂತಿರುವುದು ಎಲ್ಲಿ? ಅದನ್ನು ನೋಡದೆ ದುಡ್ಡು ಬಿಚ್ಚುವುದಿಲ್ಲ ಎಂದೆ.

ನೋಡುವುದು ಕಷ್ಟವಲ್ಲ. ಕೀಲಿಮಣೆಯಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ 'ಟಾಸ್ಕ್ ಮ್ಯಾನೇಜರ್' ಎಂಬ ಕಿಟಕಿ ತೆರೆಯುತ್ತದೆ. ಪ್ರೊಸೆಸರ್, ಮೆಮೊರಿ, ಡಿಸ್ಕ್ ಯಾವುದು ಎಷ್ಟು ದುಡಿಯುತ್ತಿದೆ ಎಂದು ನೂರಕ್ಕೆ ಇಷ್ಟು ಎಂಬ ಲೆಕ್ಕದಲ್ಲಿ ಅದು ತೋರಿಸುತ್ತದೆ. ಪುಟ್ಟಿ ಗಡಿಯಾರ ಹಿಡಿದಳು, ನಾನು ಪುಸ್ತಕ ಹಿಡಿದೆ.

ಕಂಪ್ಯೂಟರ್ ಹಾಕಿ ಕೆಲಸಕ್ಕೆ ಸಿದ್ಧವಾಗಲು ನಾಲ್ಕು ನಿಮಿಷ. ಆಗ ಡಿಸ್ಕ್ ನೂರಕ್ಕೆ ನೂರು, ಪ್ರೊಸೆಸರ್ ನೂರಕ್ಕೆ ಇಪ್ಪತ್ತು. ಅಂದರೆ ಅಡುಗೆಯವರು ಕೈಕಟ್ಟಿ ನಿಂತಿದ್ದಾರೆ, ಉಗ್ರಾಣದವನು ಏದುಸಿರು ಬಿಡುತ್ತಿದ್ದಾನೆ. ವಿಡಿಯೊ ಕತ್ತರಿಸಿ ಜೋಡಿಸುವಾಗ ಮೆಮೊರಿ ತೊಂಬತ್ತಮೂರು. ಕಟ್ಟೆಯ ಮೇಲೆ ಜಾಗವಿಲ್ಲ. ಕೊನೆಗೆ ಹತ್ತು ನಿಮಿಷದ ಒಂದು ತುಣುಕನ್ನು ಎಕ್ಸ್‌ಪೋರ್ಟ್ ಮಾಡಿಸಿದೆವು. ಐವತ್ತೊಂದು ನಿಮಿಷ! ಅಲ್ಲಿ ಮಾತ್ರ ಪ್ರೊಸೆಸರ್ ನೂರಕ್ಕೆ ನೂರು.

"ನೋಡಿದ್ಯಾ? ನಾನು ಹೇಳಿದ್ದು ಸರಿ!" ಎಂದಳು ಪುಟ್ಟಿ.

"ಮೂರರಲ್ಲಿ ಒಂದು ಸರಿ" ಎಂದೆ ನಾನು.

ವಿಜ್ಞಾನದ ಮೇಷ್ಟ್ರು ಹೇಳಿಕೊಡುವ ಒಂದು ಶಿಸ್ತು ಇದೆಯಲ್ಲ, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು ಎಂದು. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತು ಎಂದು ತಿಳಿಯುವುದಿಲ್ಲ. ಮೊದಲು ಮಗ ತನ್ನ ಬೋನಸ್ಸಿನಲ್ಲಿ 3,300 ರೂಪಾಯಿ ಕೊಟ್ಟು ಎಸ್‌ಎಸ್‌ಡಿ ತಂದ. ಹಾರ್ಡ್ ಡಿಸ್ಕಿನಲ್ಲಿ ತಟ್ಟೆ ಸುತ್ತಬೇಕು, ಮುಳ್ಳು ಓಡಾಡಿ ಹುಡುಕಬೇಕು. ಎಸ್‌ಎಸ್‌ಡಿಯಲ್ಲಿ ಸುತ್ತುವ ಭಾಗವೇ ಇಲ್ಲ. ನಾಲ್ಕು ನಿಮಿಷ ಹಿಡಿಯುತ್ತಿದ್ದ ಯಂತ್ರ ಇಪ್ಪತ್ತೈದು ಸೆಕೆಂಡಿನಲ್ಲಿ ಎದ್ದು ಕೂತಿತು. ನಾಲ್ಕು ದಿನ ಬಿಟ್ಟು 2,500 ರೂಪಾಯಿಗೆ ಇನ್ನೊಂದು 8 ಜಿಬಿ ರ‍್ಯಾಮ್ ಹಾಕಿಸಿದ. ಕತ್ತರಿಸಿ ಜೋಡಿಸುವಾಗ ತಡವರಿಸುವುದು ನಿಂತಿತು. "ಅತ್ತೆ, ಹೊಸ ಕಂಪ್ಯೂಟರ್ ಬಂದ ಹಾಗಿದೆ" ಎಂದಳು ಸೊಸೆ.

ನನಗೆ ಒಳಗೊಳಗೇ ಖುಷಿ. ಕಾಶಿ ದುಡ್ಡು ಉಳಿಯಿತಲ್ಲ! ಲೆಕ್ಕದ ಪುಸ್ತಕ ಮುಚ್ಚಿಯೇಬಿಟ್ಟಿದ್ದೆ.

ಆದರೆ ಆ ರಾತ್ರಿ ನೀರು ಕುಡಿಯಲು ಎದ್ದಾಗ ಗಡಿಯಾರದಲ್ಲಿ ಒಂದೂವರೆ. ಸೊಸೆ ಪರದೆಯ ಮುಂದೆ ಗೋಡೆಗೆ ತಲೆಯಾನಿಸಿ ತೂಕಡಿಸುತ್ತಿದ್ದಳು. ಮರುದಿನ ಹತ್ತು ನಿಮಿಷದ ಅದೇ ತುಣುಕನ್ನು ಮತ್ತೆ ಅಳೆದೆವು. ಐವತ್ತೊಂದು ನಿಮಿಷವಿದ್ದದ್ದು ನಲವತ್ತಮೂರಾಗಿತ್ತು, ಅಷ್ಟೇ. ಉಗ್ರಾಣ ಸರಿಹೋಗಿತ್ತು, ಕಟ್ಟೆ ದೊಡ್ಡದಾಗಿತ್ತು. ಈಗ ನಿಜವಾಗಿಯೂ ಸೋತು ಹೋಗಿದ್ದವರು ಅಡುಗೆಯವರೇ. ಅರ್ಧ ಲೆಕ್ಕಕ್ಕೇ ಪುಸ್ತಕ ಮುಚ್ಚಿದ್ದು ನನ್ನ ತಪ್ಪು.

ನೆಹರೂ ರಸ್ತೆಯ ಕಡೆ ನಾನೂ ಪುಟ್ಟಿಯೂ ಮೂರು ಅಂಗಡಿ ಹತ್ತಿ ಇಳಿದೆವು. ಒಂದು ಅಂಗಡಿಯವರು "ಹಳೇ ಪೆಟ್ಟಿಗೆಗೆ ಯಾಕಮ್ಮ ದುಡ್ಡು ಸುರಿಯೋದು? ಹೊಸ ಸರಣಿ ತಗೊಳ್ಳಿ" ಎಂದರು. 2022ರಿಂದ ಬಂದ ಎಎಂ5 ಸರಣಿಯ ಪ್ರೊಸೆಸರ್ ನಮ್ಮ ಹಳೆಯ ಎಎಂ4 ಬೋರ್ಡಿನಲ್ಲಿ ಕೂರುವುದಿಲ್ಲ. ಅದಕ್ಕೆ ಹೊಸ ಮದರ್‌ಬೋರ್ಡ್ ಬೇಕು. ಹೊಸ ಮದರ್‌ಬೋರ್ಡಿಗೆ ಹೊಸ ಬಗೆಯ ರ‍್ಯಾಮ್ ಬೇಕು. ಹಳೆಯ ರ‍್ಯಾಮ್ ಮೂಲೆಗೆ. ಎಲ್ಲ ಸೇರಿ ನಲವತ್ತೆಂಟು ಸಾವಿರ. ಕೌಪೀನ ಕಚ್ಚುವ ಇಲಿಗೆ ಬೆಕ್ಕು, ಬೆಕ್ಕಿನ ಹಾಲಿಗೆ ಹಸು, ಹಸು ನೋಡಿಕೊಳ್ಳಲು ಆಳು ಎಂದು ಸನ್ಯಾಸಿಯ ಸಂಸಾರ ಬೆಳೆದ ಕಥೆ ನೆನಪಾಯಿತು. ನಮಸ್ಕಾರ ಹೇಳಿ ಇಳಿದೆವು.

ಎರಡನೆಯ ಅಂಗಡಿಯವರು ರೈಜನ್ 5 5600 ತೋರಿಸಿದರು. ಬೆಲೆಯೂ ಸ್ವಲ್ಪ ಕಮ್ಮಿ, ವೇಗವೂ ಚೂರು ಹೆಚ್ಚು. ನಾನು ಹೂಂ ಅನ್ನುವುದರಲ್ಲಿದ್ದೆ. ಪುಟ್ಟಿ ಸೆರಗು ಜಗ್ಗಿದಳು: "ಅಜ್ಜಿ, ಇದರ ಹೆಸರಿನ ಕೊನೆಯಲ್ಲಿ 'ಜಿ' ಇಲ್ಲ!" ನಮ್ಮ ಪೆಟ್ಟಿಗೆಯಲ್ಲಿ ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಪರದೆಯ ಮೇಲೆ ಚಿತ್ರ ಮೂಡಿಸುವ ಭಾಗ ಪ್ರೊಸೆಸರಿನ ಒಳಗೇ ಇದೆ. ನಮ್ಮ 2200ಜಿಯ 'ಜಿ'ಗೆ ಅದೇ ಅರ್ಥ. 5600ರಲ್ಲಿ ಆ ಭಾಗ ಇಲ್ಲ. ತಂದು ಹಾಕಿದ್ದರೆ ಫ್ಯಾನ್ ತಿರುಗುತ್ತಿತ್ತು, ಪರದೆ ಮಾತ್ರ ಕಪ್ಪು! ಒಂದು ಅಕ್ಷರ ಸರಿಯಾಗಿ ಓದಿದ್ದಕ್ಕೆ ಹತ್ತು ಸಾವಿರ ಉಳಿಯಿತು. ಅವತ್ತು ಅವಳಿಗೆ ಎರಡು ಮಸಾಲೆ ದೋಸೆ.

ಮೂರನೆಯ ಅಂಗಡಿಯಲ್ಲಿ 2021ರಲ್ಲಿ ಬಂದ ರೈಜನ್ 5 5600ಜಿ ಇತ್ತು. ಬೆಲೆ 11,800. ನಮ್ಮ ಹಳೆಯದನ್ನು 1,800ಕ್ಕೆ ತೆಗೆದುಕೊಳ್ಳುತ್ತೇನೆಂದ ಅಂಗಡಿಯ ಹುಡುಗ. ಅಲ್ಲಿಗೆ ಹತ್ತು ಸಾವಿರ. ಹಳೆಯದರಲ್ಲಿ ಅಡುಗೆಯವರು ನಾಲ್ಕು ಜನ. ಅವರಿಗೆ 'ಕೋರ್' ಎನ್ನುತ್ತಾರೆ. ಇದರಲ್ಲಿ ಆರು ಜನ. ಅದೂ ಒಬ್ಬೊಬ್ಬರೂ ಏಕಕಾಲಕ್ಕೆ ಎರಡೆರಡು ಕೆಲಸದ ಮೇಲೆ ಕಣ್ಣಿಡಬಲ್ಲವರು. ಆದರೆ ಎಲ್ಲ ಕೆಲಸವನ್ನೂ ಹಂಚಿಕೊಳ್ಳಲು ಆಗುವುದಿಲ್ಲ ಮಕ್ಕಳೇ. ನೂರು ದೋಸೆಯನ್ನು ಆರು ಜನ ಹಂಚಿಕೊಂಡು ಹೊಯ್ಯಬಹುದು. ಒಂದೇ ದೋಸೆಯ ಸುತ್ತ ಆರು ಜನ ನಿಂತರೆ ಅದು ಬೇಗ ಬೇಯುತ್ತದೆಯೇ?

ನಮ್ಮ ಕೆಲಸ ನೂರು ದೋಸೆಯದೋ, ಒಂದು ದೋಸೆಯದೋ? ತಿಳಿಯಲು ಒಂದೇ ದಾರಿ. ಆ ಹತ್ತು ನಿಮಿಷದ ತುಣುಕನ್ನು ಪೆನ್‌ಡ್ರೈವಿನಲ್ಲಿ ಒಯ್ದಿದ್ದೆವು. "ಮರಿ, ನಿನ್ನ ಅಂಗಡಿಯಲ್ಲಿ ಇದೇ ಪ್ರೊಸೆಸರ್ ಇರುವ ಯಂತ್ರ ಇದ್ದರೆ ನಮ್ಮ ಕೆಲಸ ಮಾಡಿ ತೋರಿಸ್ತೀಯಾ?" ಎಂದೆ. ಅವನು ನಕ್ಕ. ಆದರೆ ಬೇಸರಿಸದೆ, ಸೊಸೆ ಬಳಸುವ ಉಚಿತ ತಂತ್ರಾಂಶವನ್ನೇ ತನ್ನ ಯಂತ್ರಕ್ಕೂ ಹಾಕಿದ. ನಾನು ಸ್ಟೂಲಿನ ಮೇಲೆ ಕೂತೆ. ಪುಟ್ಟಿ ಗಡಿಯಾರ ಹಿಡಿದಳು. ಹದಿನೇಳು ನಿಮಿಷ!

ಮನೆಗೆ ಬಂದು ಲೆಕ್ಕ ಬರೆದೆವು. ಒಂದು ಗಂಟೆಯ ವಿಡಿಯೊ ಅಂದರೆ ಆರು ತುಣುಕು. ಹಳೆಯದರಲ್ಲಿ 43 ಗುಣಿಸು 6, ಅಂದರೆ 258 ನಿಮಿಷ. ಹೊಸದರಲ್ಲಿ 17 ಗುಣಿಸು 6, ಅಂದರೆ 102 ನಿಮಿಷ. ಉಳಿಯುವುದು 156 ನಿಮಿಷ. ರಾತ್ರಿ ಒಂಬತ್ತೂವರೆಗೆ ಗುಂಡಿ ಒತ್ತಿದರೆ ಹಳೆಯದು ಮುಗಿಯುವುದು 1 ಗಂಟೆ 48 ನಿಮಿಷಕ್ಕೆ. ಹೊಸದು ಮುಗಿಯುವುದು 11 ಗಂಟೆ 12 ನಿಮಿಷಕ್ಕೆ.

ಇನ್ನೊಂದು ಬದಿಯನ್ನೂ ಬರೆಯಬೇಕಲ್ಲ. ಒಂದು ಸಮಾರಂಭಕ್ಕೆ ಸೊಸೆ ಕೂತು ಆರಿಸಿ, ಕತ್ತರಿಸಿ, ಜೋಡಿಸಲು ಎಂಟು ಗಂಟೆ ಬೇಕು. ಗಿರಾಕಿಗೆ ಕಳಿಸಲು ಒಂದು ಗಂಟೆ ಬೇಕು. ಇವೆರಡೂ ಹೊಸ ಪ್ರೊಸೆಸರಿನಿಂದ ಕಡಿಮೆಯಾಗುವುದಿಲ್ಲ. ಒಟ್ಟು ಹದಿಮೂರು ಗಂಟೆ ಚಿಲ್ಲರೆಯ ಕೆಲಸ ಹತ್ತೂಮುಕ್ಕಾಲಕ್ಕೆ ಇಳಿಯುತ್ತದೆ. ಎಕ್ಸ್‌ಪೋರ್ಟ್ ಎರಡೂವರೆ ಪಟ್ಟು ಚುರುಕಾದರೂ ಇಡೀ ಕೆಲಸದಲ್ಲಿ ಉಳಿಯುವುದು ಐದರಲ್ಲಿ ಒಂದು ಪಾಲು ಮಾತ್ರ. ಬ್ಯಾಂಕಿನ ಪ್ರಿಂಟರ್ ಕಥೆಯೇ ಮತ್ತೆ. ಎರಡೂವರೆ ಪಟ್ಟು ಹೆಚ್ಚು ಕೆಲಸ ಹಿಡಿಯಬಹುದು ಎಂಬ ಆಸೆಯಿಂದ ಕೊಂಡಿದ್ದರೆ ಮೋಸ ಹೋಗುತ್ತಿದ್ದೆವು.

ಆದರೆ ಆ ಐದರಲ್ಲಿ ಒಂದು ಪಾಲು ಯಾವುದು? ನಿದ್ದೆ. ತಿಂಗಳಿಗೆ ನಾಲ್ಕು ಸಮಾರಂಭದಂತೆ ಹತ್ತು ಗಂಟೆ, ಎರಡು ವರ್ಷಕ್ಕೆ 240 ಗಂಟೆ. ಹತ್ತು ಸಾವಿರವನ್ನು ಅದರಿಂದ ಭಾಗಿಸಿದರೆ ಒಂದು ಗಂಟೆಗೆ ನಲವತ್ತೆರಡು ರೂಪಾಯಿ. ಸೊಸೆಯ ಒಂದು ಗಂಟೆ ನಿದ್ದೆಗೆ ನಲವತ್ತೆರಡು ರೂಪಾಯಿ ದುಬಾರಿಯೇ? ಪುಟ್ಟಿ ನನ್ನ ಮುಖ ನೋಡಿದಳು. ನಾನು ಏನೂ ಹೇಳಲಿಲ್ಲ.

ತಕ್ಕಡಿಗೆ ಇನ್ನೊಂದು ಬೊಟ್ಟು ಬಿದ್ದದ್ದು ಮಗನ ಮಾತಿನಿಂದ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೆಸರು ನೋಂದಾಯಿಸಿಕೊಂಡವರಿಗೆ ಭದ್ರತೆಯ ತಿದ್ದುಪಡಿ ಇನ್ನೊಂದು ವರ್ಷ ಸಿಗುತ್ತದೆ. ಆಮೇಲೆ ವಿಂಡೋಸ್ 11ಕ್ಕೆ ಹೋಗಬೇಕು. ಅದಕ್ಕೆ ಕಂಪನಿ ಒಪ್ಪಿದ ಪ್ರೊಸೆಸರುಗಳ ಪಟ್ಟಿಯಲ್ಲಿ ನಮ್ಮ 2200ಜಿ ಇಲ್ಲ, 5600ಜಿ ಇದೆ.

ಸೊಸೆ ಮಾತ್ರ ಒಪ್ಪಲಿಲ್ಲ. "ನೀವು ಎರಡು ವರ್ಷ ಕೂಡಿಟ್ಟಿದ್ದು ಅತ್ತೆ. ನನಗೆ ಬೇಡ" ಎಂದು ಕಣ್ಣು ತುಂಬಿಕೊಂಡಳು. ಆಗ ನನ್ನೊಳಗಿನ ಬ್ಯಾಂಕಿನವಳು ಎದ್ದಳು. "ಕೊಡುಗೆ ಅಲ್ಲ, ಸಾಲ. ತಿಂಗಳಿಗೆ ಸಾವಿರದಂತೆ ಹತ್ತು ಕಂತು. ಬಡ್ಡಿ ಏನೆಂದರೆ, ಹನ್ನೊಂದೂವರೆಯ ಮೇಲೆ ನೀನು ಎದ್ದಿರಬಾರದು" ಎಂದೆ. ಪುಸ್ತಕದಲ್ಲಿ ಬರೆದೆ. ಅವಳು ಸಹಿ ಹಾಕಿದಳು, ಪುಟ್ಟಿ ಸಾಕ್ಷಿ. ಫಾಲ್ಗುಣಕ್ಕೆ ಹೋಗಬೇಕಿದ್ದ ಕಾಶಿ ಮುಂದಿನ ಕಾರ್ತಿಕಕ್ಕೆ ಹೋಯಿತು. ಗೆಳತಿಯರಿಗೆ ಫೋನ್ ಮಾಡಿ ಹೇಳಿದಾಗ ಒಬ್ಬಳು ಬೈದಳು, ಇನ್ನೊಬ್ಬಳು "ವಿಶ್ವನಾಥ ಎಲ್ಲಿಗೂ ಹೋಗಲ್ಲ ಬಿಡು" ಎಂದಳು.

ಪ್ರೊಸೆಸರ್ ಬದಲಿಸುವ ದಿನ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಆಟೋದಲ್ಲಿ ಹೋದೆವು. ಅದಕ್ಕೂ ಮೊದಲು ವಿಡಿಯೊ, ಫೋಟೊ ಎಲ್ಲವನ್ನೂ ಬೇರೆ ಡಿಸ್ಕಿಗೆ ನಕಲು ಮಾಡಿಟ್ಟಿದ್ದೆವು. ಹಳೆಯ ಬೋರ್ಡಿಗೆ ಹೊಸ ಪ್ರೊಸೆಸರಿನ ಗುರುತು ಹತ್ತುವುದಿಲ್ಲ. ಅದರೊಳಗಿನ ಬಯೋಸ್ ಎಂಬ ಪುಟ್ಟ ತಂತ್ರಾಂಶವನ್ನು ಮೊದಲು ಹೊಸತು ಮಾಡಬೇಕು, ಅದೂ ಹಳೆಯ ಪ್ರೊಸೆಸರ್ ಇನ್ನೂ ಜಾಗದಲ್ಲಿ ಇರುವಾಗಲೇ. ಆ ಹೊತ್ತಿಗೆ ಕರೆಂಟ್ ಹೋದರೆ ಬೋರ್ಡೇ ಕೆಟ್ಟುಹೋಗಬಹುದು. ಅಂಗಡಿಯಲ್ಲಿ ದೊಡ್ಡ ಯುಪಿಎಸ್ ಇತ್ತು. ಆದರೂ ಆ ಆರು ನಿಮಿಷ ನಾನು ಉಸಿರು ಬಿಗಿಹಿಡಿದಿದ್ದೆ.

ಹುಡುಗ ಹಳೆಯದನ್ನು ನಿಧಾನವಾಗಿ ಎತ್ತಿ ಅಂಗೈ ಮೇಲೆ ಇಟ್ಟ. ನಾಲ್ಕು ಸೆಂಟಿಮೀಟರಿನ ಚೌಕ. ಹಿಂಬದಿಯಲ್ಲಿ ಕೂದಲಿನಂಥ 1331 ಪಿನ್ನುಗಳು. 1331 ಅಂದರೆ 11 ಗುಣಿಸು 11 ಗುಣಿಸು 11! ಪುಟ್ಟಿಗೆ ಅದನ್ನು ತೋರಿಸಿಕೊಟ್ಟೆ. 1971ರಲ್ಲಿ ಇಂಟೆಲ್ ಕಂಪನಿ ತಂದ 4004 ಎಂಬ ಚಿಪ್ಪಿನಲ್ಲಿ ಇದ್ದದ್ದು ಸುಮಾರು 2,300 ಟ್ರಾನ್ಸಿಸ್ಟರು. ಈ 5600ಜಿಯಲ್ಲಿ ಸುಮಾರು 1,070 ಕೋಟಿ. ಅಷ್ಟನ್ನೂ ಅಂಗೈಯಲ್ಲಿ ಹಿಡಿದ ಹುಡುಗ ಹೇಳಿದ್ದು ಒಂದೇ ಮಾತು: "ಒಂದು ಪಿನ್ ಬಾಗಿದರೂ ಕಷ್ಟ ಅಮ್ಮ."

ಮನೆಗೆ ಬಂದು ಅದೇ ತುಣುಕನ್ನು ಅಳೆದೆವು. ಹದಿನೇಳೂವರೆ ನಿಮಿಷ. ಆ ವಾರ ಒಂದು ಗೃಹಪ್ರವೇಶದ ವಿಡಿಯೊ ಹನ್ನೊಂದೂಕಾಲಕ್ಕೆ ಮುಗಿಯಿತು. ಸೊಸೆ ದೀಪ ಆರಿಸಿದ ಸದ್ದು ಕೇಳಿ ನಾನೂ ಮಗ್ಗುಲಾದೆ. ಪುಟ್ಟಿ ಮರುದಿನ ಮೆಲ್ಲಗೆ ಬಾಯಿಬಿಟ್ಟಳು: "ಅಜ್ಜಿ, ಇದರಲ್ಲಿ ಆಟ ಕೂಡ ಚೆನ್ನಾಗಿ ಬರುತ್ತೆ." ಅರ್ಜಿಯ ಹಿಂದಿನ ಅರ್ಜಿ ಅದು! ಗೊತ್ತಿತ್ತು ನನಗೆ. ಶನಿವಾರ, ಭಾನುವಾರ ಒಂದೊಂದು ಗಂಟೆ ಎಂದು ಅದನ್ನೂ ಪುಸ್ತಕದಲ್ಲಿ ಬರೆದಿದ್ದೇನೆ.

ನಿಮ್ಮ ಮನೆಯ ಉತ್ತರ ನಮ್ಮದೇ ಆಗಬೇಕಿಲ್ಲ. ಪತ್ರ ಬರೆಯುವುದು, ಪಾಠ ನೋಡುವುದು, ಮಗನ ಜೊತೆ ವಿಡಿಯೊದಲ್ಲಿ ಮಾತಾಡುವುದು ಇಷ್ಟೇ ಆದರೆ ಎಸ್‌ಎಸ್‌ಡಿಗೇ ನಮ್ಮ ಪುಸ್ತಕ ಮುಚ್ಚಿಹೋಗುತ್ತಿತ್ತು. ಯಾವುದಕ್ಕೂ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ನಾವು ಕಾಯುತ್ತಿರುವುದು ನಿಜವಾಗಿ ಎಲ್ಲಿ? ಅದನ್ನು ಸರಿಮಾಡಿದರೆ ಎಷ್ಟು ಗಂಟೆ ಉಳಿಯುತ್ತದೆ? ಆ ಗಂಟೆ ಯಾರದು?

ಮಕ್ಕಳಿಗೆ ಈ ವಾರದ ಲೆಕ್ಕ: ನೀವು ಶಾಲೆ ತಲುಪಲು 40 ನಿಮಿಷ ಬೇಕು. ಅದರಲ್ಲಿ 25 ನಿಮಿಷ ಬಸ್ಸಿಗೆ ಕಾಯುವುದು, 15 ನಿಮಿಷ ಬಸ್ಸಿನ ಪ್ರಯಾಣ. ಬಸ್ಸು ಮೂರು ಪಟ್ಟು ವೇಗವಾಗಿ ಓಡಿದರೆ ಎಷ್ಟು ನಿಮಿಷ ಉಳಿಯುತ್ತದೆ? ಬಸ್ಸಿನ ವೇಗ ಹಾಗೇ ಇದ್ದು, ಕಾಯುವ ಸಮಯ ಅರ್ಧವಾದರೆ ಎಷ್ಟು? ಅಜ್ಜ-ಅಜ್ಜಿಯ ಪಕ್ಕ ಕೂತು ಬರೆಯಿರಿ. ಉತ್ತರ ಮುಂದಿನ ವಾರ.